ಹುಣ್ಣು ಇಲ್ಲಿ, ಪ್ರಶ್ನೆ ಅಲ್ಲಿ

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಸಂಶೋಧನೆ ನಡೆಯಬೇಕು ಎಂದರೆ ಬೇಡವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಯಾವ ಸಂಶೋಧನೆ ಮೊದಲು, ಯಾವುದು ಆಮೇಲೆ, ಅದನ್ನು ಗೊತ್ತುಮಾಡುವವರು ಯಾರು ಎಂದು ಕೇಳಿ ನೋಡಿ. ಸಭೆ ಇದ್ದಕ್ಕಿದ್ದಂತೆ ಮೌನವಾಗುತ್ತದೆ. ಹಣ ಕೊಡುವವರು ಗೊತ್ತುಮಾಡುತ್ತಾರೆ ಎಂಬುದು ನಿಜವಾದ ಉತ್ತರ. ಅದನ್ನು ಬಾಯಿಬಿಟ್ಟು ಹೇಳಲು ಎಲ್ಲರಿಗೂ ಸಂಕೋಚ. ಹಣ ಕೊಡುವವರು ಬಹುಮಟ್ಟಿಗೆ ದೂರದಲ್ಲಿದ್ದಾರೆ; ಹುಣ್ಣು ಇರುವುದು ಇಲ್ಲಿ. ಹುಣ್ಣು ಇಲ್ಲಿದ್ದು ಪ್ರಶ್ನೆ ಅಲ್ಲಿ ಹುಟ್ಟಿದರೆ ಉತ್ತರ ಯಾರಿಗೆ ದಕ್ಕೀತು? ನಾನು ವಾದಿಸಹೊರಟಿರುವುದು ಇಷ್ಟೆ: ಬಡವರ ಶಸ್ತ್ರಚಿಕಿತ್ಸೆಯನ್ನು ಕುರಿತು ಮೊದಲು ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದನ್ನು ಕೊಯ್ಯಿಸಿಕೊಳ್ಳುವವರೂ, ತಾಲ್ಲೂಕುಗಳಲ್ಲಿ ಕೊಯ್ಯುವವರೂ ಒಟ್ಟಿಗೆ ಕುಳಿತು, ಅವರಿಬ್ಬರಿಗೂ ತಿಳಿಯುವ ಭಾಷೆಯಲ್ಲಿ ತೀರ್ಮಾನಿಸಬೇಕು.

ಕನ್ನಡದ ಮೇಷ್ಟರಿಗೆ ಕತ್ತರಿಯ ಗೊಡವೆ ಏಕೆ ಎಂದು ಕೇಳುವವರುಂಟು. ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿನ ಮಂದಿರದಿಂದ ಹೊರಟು ಮಾರುಕಟ್ಟೆಯ ಕಡೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆ ಸಿಕ್ಕುತ್ತದೆ. 1897ರಲ್ಲಿ ಅಡಿಗಲ್ಲು ಹಾಕಿಸಿಕೊಂಡು 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಕೈಯಿಂದ ಬಾಗಿಲು ತೆರೆಸಿಕೊಂಡ ಆಸ್ಪತ್ರೆ ಅದು. ಅದರ ನೆರೆಯಲ್ಲೇ ಮಿಂಟೋ ಕಣ್ಣಾಸ್ಪತ್ರೆ, ವಾಣಿವಿಲಾಸದ ಹೆರಿಗೆ ಆಸ್ಪತ್ರೆ, 1955ರಲ್ಲಿ ಹುಟ್ಟಿದ ಮೆಡಿಕಲ್ ಕಾಲೇಜು. ಪರಿಷತ್ತು ಹುಟ್ಟಿದ್ದು 1915ರಲ್ಲಿ. ಒಂದು ಶತಮಾನಕ್ಕೂ ಮೀರಿದ ಈ ನೆರೆಹೊರೆಯಲ್ಲಿ ಆಸ್ಪತ್ರೆಯ ಹಜಾರದ ಮಾತೆಲ್ಲ ಕೋಲಾರದ ಕನ್ನಡ, ಮಾಗಡಿಯ ಕನ್ನಡ, ಜೊತೆಗೆ ತೆಲುಗು, ತಮಿಳು, ಉರ್ದು. ಅದೇ ಹಜಾರದ ರೋಗಿಗಳನ್ನು ಕುರಿತು ಬರೆದ ಪ್ರಬಂಧಗಳೆಲ್ಲ ಇಂಗ್ಲಿಷು. ರೋಗ ಒಂದು ಭಾಷೆಯಲ್ಲಿ ನರಳುತ್ತದೆ, ಸಂಶೋಧನೆ ಇನ್ನೊಂದು ಭಾಷೆಯಲ್ಲಿ ಪದವಿ ಪಡೆಯುತ್ತದೆ. ಇದು ಭಾಷೆಯ ಪ್ರಶ್ನೆಯಲ್ಲವಾದರೆ ಬೇರೆ ಯಾವುದು?

ನಮ್ಮಲ್ಲಿ ವೈದ್ಯವನ್ನು ಕನ್ನಡಕ್ಕೆ ತಂದ ಹಿರಿಯರು ಇಲ್ಲದೆ ಇಲ್ಲ. ‘ಕೊರವಂಜಿ’ಯ ರಾಶಿಯವರು ವೃತ್ತಿಯಲ್ಲಿ ಡಾಕ್ಟರು, ಅನುಪಮಾ ನಿರಂಜನ ಅವರ ‘ತಾಯಿ-ಮಗು’ವನ್ನು ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಬಸುರಿ ಹೆಂಗಸರು ಕೈಯಿಂದ ಕೈಗೆ ದಾಟಿಸಿ ಓದಿದ್ದುಂಟು, ಡಿ. ಎಸ್. ಶಿವಪ್ಪನವರು ವೈದ್ಯಕ್ಕೆ ಬೇಕಾದ ಕನ್ನಡ ಪದಗಳಿಗಾಗಿ ದುಡಿದರು. ಇವರ ಋಣ ದೊಡ್ಡದು. ಆದರೆ ಇವರು ಕೈಗೊಂಡದ್ದು ಡಾಕ್ಟರಿಗೆ ಗೊತ್ತಿದ್ದ ಉತ್ತರವನ್ನು ಜನಕ್ಕೆ ತಲುಪಿಸುವ ಕೆಲಸ. ಜನರಲ್ಲಿರುವ ಪ್ರಶ್ನೆಯನ್ನು ಡಾಕ್ಟರಿಗೆ ತಲುಪಿಸುವ ಕೆಲಸ ಹಾಗೆಯೇ ಉಳಿದಿದೆ. ಅದು ಈಗ ಆಗಬೇಕು.

ಮೊದಲು ಲೆಕ್ಕ ನೋಡೋಣ. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗವೊಂದು ಜಗತ್ತಿನ ಶಸ್ತ್ರಚಿಕಿತ್ಸೆಯ ಸ್ಥಿತಿಯನ್ನು ಅಳೆದು ವರದಿ ಮಾಡಿತು. ಸುರಕ್ಷಿತವಾದ, ಕೈಗೆಟಕುವ ಬೆಲೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಸಿಕ್ಕದವರ ಸಂಖ್ಯೆ 500 ಕೋಟಿ. ವರ್ಷಕ್ಕೆ ಸುಮಾರು 31 ಕೋಟಿ ಆಪರೇಷನ್ನುಗಳು ನಡೆಯುತ್ತವೆ. ಜಗತ್ತಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ವಾಸಿಸುವ ಅತಿ ಬಡ ದೇಶಗಳಿಗೆ ಅದರಲ್ಲಿ ದಕ್ಕುವುದು ನೂರಕ್ಕೆ ಆರು ಮಾತ್ರ. ಇನ್ನೂ 14 ಕೋಟಿ 30 ಲಕ್ಷ ಆಪರೇಷನ್ನುಗಳು ವರ್ಷವರ್ಷವೂ ನಡೆಯಬೇಕಾಗಿದ್ದು ನಡೆಯುತ್ತಿಲ್ಲ. ಆಪರೇಷನ್ನಿನ ವೆಚ್ಚಕ್ಕೇ ಸಂಸಾರ ಕುಸಿಯುವವರು ವರ್ಷಕ್ಕೆ 3 ಕೋಟಿ 30 ಲಕ್ಷ. ಇದೇನೂ ರಾತ್ರೋರಾತ್ರಿ ಕಂಡ ಸತ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದ ಹಾಫ್ದಾನ್ ಮಾಲರ್ 1980ರಲ್ಲೇ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಭೆಯಲ್ಲಿ, ಶಸ್ತ್ರಚಿಕಿತ್ಸೆಯೂ ಎಲ್ಲರ ಆರೋಗ್ಯದ ಒಂದು ಭಾಗವೆಂದು ಎಚ್ಚರಿಸಿದ್ದರು. ತುರ್ತಾದ ಹಾಗೂ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಬಲಪಡಿಸಬೇಕೆಂದು ಜಗತ್ತಿನ ಆರೋಗ್ಯ ಸಭೆ ಗೊತ್ತುವಳಿ ಮಾಡಿದ್ದು 2015ರಲ್ಲಿ. ಮಾತಿಗೂ ಗೊತ್ತುವಳಿಗೂ ನಡುವೆ 35 ವರ್ಷ. ಒಂದು ತಲೆಮಾರಿನ ಹರ್ನಿಯಾಗಳೂ, ಮುರಿದ ಕಾಲುಗಳೂ, ಅಡ್ಡ ಸಿಕ್ಕಿದ ಹೆರಿಗೆಗಳೂ ಆ ನಡುವೆ ಕಾದು ಕುಳಿತಿದ್ದವು.

ಹೀಗಿರುವಲ್ಲಿ ನಮ್ಮ ಪತ್ರಿಕೆಗಳಲ್ಲಿ ಶಸ್ತ್ರಚಿಕಿತ್ಸೆಯ ಪ್ರಗತಿಯೆಂದು ಅಚ್ಚಾಗುವುದೇನು? ಯಂತ್ರಮಾನವನ ತೋಳಿನಿಂದ ನಡೆದ ಆಪರೇಷನ್ನು. ರಂಧ್ರ ಇಷ್ಟೇ ಸಣ್ಣದು. ರೋಗಿ ಮೂರನೆಯ ದಿನ ನಗುತ್ತ ಮನೆಗೆ. ಆ ಯಂತ್ರದ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಮುಂಬಯಿಯಲ್ಲಿ ನಡೆದ ಒಂದು ಎಣಿಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಭಾಭಾ ಅಣುಸಂಶೋಧನ ಕೇಂದ್ರದ ನೌಕರರಿಗೂ ಅವರ ಸಂಸಾರಗಳಿಗೂ ಚಿಕಿತ್ಸೆಯ ಖರ್ಚಿನ ಭಯವಿಲ್ಲ. ಹಣದ ಅಡ್ಡಿಯಿಲ್ಲದ ಜನಕ್ಕೆ ವರ್ಷಕ್ಕೆ ಎಷ್ಟು ಆಪರೇಷನ್ನು ಬೇಕಾಗುತ್ತದೆ ಎಂದು ಅಲ್ಲಿಯ 88,273 ಜನರ ನಡುವೆ ಲೆಕ್ಕ ಹಾಕಿದರು. 2020ರಲ್ಲಿ ಪ್ರಕಟವಾದ ಉತ್ತರ: ದೇಶದ ಜನಸಂಖ್ಯೆಗೆ ಹೊಂದಿಸಿದರೆ ಲಕ್ಷಕ್ಕೆ 3,646. ಲ್ಯಾನ್ಸೆಟ್ ಆಯೋಗ ಗುರಿಯಾಗಿ ಹೇಳಿದ್ದದ್ದು 5,000. ಬೇರೆಯವರ ಅಳತೆಗೋಲು ನಮಗೆ ಎಷ್ಟು ಹೊಂದುತ್ತದೆ ಎಂಬುದು ನಾವೇ ಅಳೆದಾಗ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಪಟ್ಟಿಯ ತಲೆಯಲ್ಲಿದ್ದ ಹೆಸರುಗಳು: ಕಣ್ಣಿನ ಪೊರೆ, ಸಿಸೇರಿಯನ್, ಮೂಳೆಮುರಿತ, ಹರ್ನಿಯಾ. ಈ ನಾಲ್ಕರಲ್ಲಿ ಯಾವುದಕ್ಕೂ ಯಂತ್ರಮಾನವ ಅನಿವಾರ್ಯವಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಮಲ್ಲೇಶ್ವರದ ನನ್ನ ಡಾಕ್ಟರ್ ಮಿತ್ರರೊಬ್ಬರು ಅದನ್ನು ಪ್ರತಿಸಲವೂ ಕಾಫಿಯ ಲೋಟ ಕೆಳಗಿಟ್ಟು ಹೇಳುತ್ತಾರೆ: “ಸ್ವಾಮಿ, ಮೊದಲು ಆಸ್ಪತ್ರೆ ಕಟ್ಟಿಸಿ, ಅರಿವಳಿಕೆ ಕೊಡುವ ಡಾಕ್ಟರನ್ನು ನೇಮಿಸಿ, ಔಷಧ ಕಳುಹಿಸಿ. ಬಡವನಿಗೆ ಸಂಶೋಧನೆ ಏತಕ್ಕೆ? ಅದು ಉಳ್ಳವರ ವಿಲಾಸ.” ಕೇಳುವುದಕ್ಕೆ ಇದು ಕರುಣೆಯ ಮಾತಿನಂತಿದೆ. ವಾಸ್ತವವಾಗಿ ಇದು ಬಡವನನ್ನು ಊಹೆಯ ಮೇಲೆ ಕೊಯ್ಯಬಹುದು ಎಂಬ ಮಾತು. ಉಳ್ಳವನು ಒಂದು ತಪ್ಪು ಖರ್ಚನ್ನು ತಾಳಿಕೊಂಡಾನು. ಇಲ್ಲದವನಿಗೆ ಪ್ರತಿ ರೂಪಾಯಿಯೂ ಸರಿಯಾದ ಕಡೆಗೇ ಹೋಗಬೇಕು. ಆದಕಾರಣ ಯಾವುದು ಉಪಯೋಗ, ಯಾವುದು ನಿರುಪಯೋಗ ಎಂಬ ತಿಳಿವಳಿಕೆ ಬಡವನಿಗೇ ಹೆಚ್ಚು ಬೇಕು.

ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಆಪರೇಷನ್ನಾದ ಮೇಲೆ ಹೊಲಿಗೆ ಕೀವುಗಟ್ಟುವುದು ನಮ್ಮ ಕಡೆಯ ಹಳೆಯ ಪಿಡುಗು. ಹೊಟ್ಟೆಯ ಆಪರೇಷನ್ನುಗಳನ್ನು ಹಲವು ದೇಶಗಳಲ್ಲಿ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮುಂದುವರಿದ ದೇಶಗಳಲ್ಲಿ ನೂರಕ್ಕೆ 9.4 ಜನರಿಗೆ ಗಾಯ ಕೆಟ್ಟರೆ, ಹಿಂದುಳಿದ ದೇಶಗಳಲ್ಲಿ 23.2 ಜನರಿಗೆ ಕೆಟ್ಟಿತ್ತು. ಶ್ರೀಮಂತನಿಗೆ ಕೀವೆಂದರೆ ಇನ್ನೆರಡು ದಿನದ ಹಾಸಿಗೆ. ಕೂಲಿಯವನಿಗೆ ಅದು ಒಂದು ತಿಂಗಳ ಕೂಲಿ, ಅದರ ಹಿಂದೆ ಸಾಲ. ಕೀವು ತಡೆಯಲೆಂದು ಔಷಧ ಲೇಪಿಸಿದ, ಬೆಲೆ ಹೆಚ್ಚಿನ ಹೊಲಿಗೆದಾರ ಪೇಟೆಯಲ್ಲಿತ್ತು. ಸಿರಿವಂತ ದೇಶಗಳಲ್ಲಿ ಅದನ್ನು ಹೊಗಳುವವರೂ ಇದ್ದರು. ಬಡ ದೇಶಗಳು ಅದನ್ನು ಕೊಳ್ಳಬೇಕೆ? ನಮ್ಮ ದೇಶವೂ ಸೇರಿ ಏಳು ದೇಶಗಳಲ್ಲಿ 5,788 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2021ರಲ್ಲಿ ಬಂದ ಉತ್ತರ: ಸಾಮಾನ್ಯ ದಾರಕ್ಕಿಂತ ಅದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ಅದೇ ತಂಡದವರು ಇನ್ನೊಂದು ಸರಳ ಪ್ರಶ್ನೆ ಕೇಳಿದರು: ಹೊಟ್ಟೆಯನ್ನು ಹೊಲಿದು ಮುಚ್ಚುವ ಮೊದಲು ಡಾಕ್ಟರೂ ನರ್ಸೂ ಕೈಗವಸು ಬದಲಿಸಿ, ಬೇರೆ ಶುದ್ಧ ಉಪಕರಣಗಳನ್ನು ತೆಗೆದುಕೊಂಡರೆ ಹೇಗೆ? 81 ಆಸ್ಪತ್ರೆ, 13,301 ರೋಗಿಗಳು. ಗಾಯ ಕೆಡುವುದು ನೂರಕ್ಕೆ 18.9ರಿಂದ 16ಕ್ಕೆ ಇಳಿದಿತ್ತು. 2022ರಲ್ಲಿ ಇದು ಪ್ರಕಟವಾಯಿತು. ಬೆಲೆಬಾಳುವ ದಾರ ಮಾಡದ ಕೆಲಸವನ್ನು ಒಂದು ಜೊತೆ ಕೈಗವಸೂ ಒಂದು ತಟ್ಟೆ ಉಪಕರಣಗಳೂ ಮಾಡಿದವು. ಈ ಪರೀಕ್ಷೆಗಳಿಗೆ ಹಣ ಬಂದದ್ದು ಇಂಗ್ಲೆಂಡಿನಿಂದ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮೂಲಕ; ಇಲ್ಲಿಯ ಕೇಂದ್ರ ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಬಡ ದೇಶಗಳ ಶಸ್ತ್ರವೈದ್ಯರನ್ನು ಕೂಡಿಸಿ, ಸುತ್ತುಸುತ್ತಾಗಿ ಜರಡಿ ಹಿಡಿದು, ಯಾವ ಪ್ರಶ್ನೆ ಮೊದಲೆಂಬ ಪಟ್ಟಿಯನ್ನೂ ಆ ತಂಡದವರು 2019ರಲ್ಲಿ ಪ್ರಕಟಿಸಿದ್ದರು. ಹಣ ಎಲ್ಲಿಂದ ಬಂದರೂ ಚಿಂತೆಯಿಲ್ಲ; ಪ್ರಶ್ನೆ ಇಲ್ಲಿಂದ ಹೋಗಬೇಕು.

ಎರಡನೆಯದು ನಮ್ಮ ಗಡಿಯಾಚೆಯ ಮಹಾರಾಷ್ಟ್ರದ್ದು. ಹರ್ನಿಯಾ ರಿಪೇರಿಗೆ ಒಳಗೆ ಇಡುವ ಜಾಲರಿಯ ಬೆಲೆಯನ್ನು ಹಳ್ಳಿಯ ರೋಗಿ ತೆರಲಾರ. ದೊಂಡಾಯಿಚಾ ಎಂಬ ಸಣ್ಣ ಊರಿನ ಡಾ. ರವೀಂದ್ರನಾಥ ತೊಂಗಾವ್ಕರ್, ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಶುದ್ಧಮಾಡಿ ಬಳಸಿದರು. 2003ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಸೊಳ್ಳೆಪರದೆಯೇ ಎಂದು ನಕ್ಕವರು ಇದ್ದಿರಬೇಕು. ಮುಂದೆ ಉಗಾಂಡಾದಲ್ಲಿ 302 ರೋಗಿಗಳ ಮೇಲೆ, ಪೇಟೆಯ ಜಾಲರಿಯನ್ನೂ ಸೊಳ್ಳೆಪರದೆಯ ಜಾಲರಿಯನ್ನೂ ಸಮನಾಗಿ ಹೋಲಿಸಿ ನೋಡಿದಾಗ, ಒಂದು ವರ್ಷದ ನಂತರವೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು 2016ರಲ್ಲಿ ಅಮೆರಿಕದ ಅತಿ ಪ್ರತಿಷ್ಠಿತ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ದೊಂಡಾಯಿಚಾದಲ್ಲಿ ಹುಟ್ಟಿದ ಪ್ರಶ್ನೆಗೆ ಉಗಾಂಡಾದಲ್ಲಿ ಪರೀಕ್ಷೆ, ಅಮೆರಿಕದಲ್ಲಿ ಮುದ್ರಣ! ನಮ್ಮ ದೊಡ್ಡ ಕಾಲೇಜುಗಳಲ್ಲಿ ಆ ಪರೀಕ್ಷೆ ಮೊದಲು ಏಕೆ ನಡೆಯಲಿಲ್ಲ ಎಂದು ಕೇಳುವುದು ಉದ್ಧಟತನವಾಗಲಾರದು.

ನಮ್ಮ ನೆಲದಿಂದ ಪ್ರಶ್ನೆಯೂ ಉತ್ತರವೂ ಹೊರಡುವುದು ಹೊಸದಲ್ಲ. ಶ್ರೀರಂಗಪಟ್ಟಣದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನಾಳು ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕತ್ತರಿಸಿಕೊಂಡ. ಅವನಿಗೆ ಪುಣೆಯ ಕಡೆಯಲ್ಲಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕೂರಿಸಿದ. ಕಣ್ಣಾರೆ ಕಂಡವರ ವರದಿ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಂತು, ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಡಾಕ್ಟರು ಅಲ್ಲಿ 1814ರಲ್ಲಿ ಆ ಆಪರೇಷನ್ನನ್ನು ಮಾಡಿದರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆ ರೋಗಿಯ ಊರಿಗೆ ಹೋಗಬಾರದೇಕೆ ಎಂಬುದು ಅವರ ಪ್ರಶ್ನೆ. ಊರೂರಿನ ಶಾಲೆ, ಛತ್ರಗಳಲ್ಲಿ ಸಾಲು ಸಾಲಾಗಿ ಮಲಗಿಸಿ ಪೊರೆ ತೆಗೆದರು. ಸರ್ಕಾರ 1968ರಲ್ಲಿ ಪದ್ಮಭೂಷಣ ಕೊಟ್ಟಿತು. ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ, ಡಾ. ಪಿ. ಕೆ. ಸೇಠಿಯವರೊಡನೆ ಸೇರಿ, ಬರಿಗಾಲಲ್ಲಿ ಗದ್ದೆಗೆ ಇಳಿಯಬಲ್ಲ, ಕುಕ್ಕರಗಾಲಲ್ಲಿ ಕೂರಬಲ್ಲ ಕೃತಕ ಪಾದವನ್ನು ಕಟ್ಟಿಕೊಟ್ಟ. ಕುಕ್ಕರಗಾಲಲ್ಲಿ ಕೂರುವ ಅಗತ್ಯ ಕುರ್ಚಿಯ ಮೇಲೆ ಕೂರುವ ದೇಶದ ತಜ್ಞನಿಗೆ ಹೇಗೆ ಹೊಳೆದೀತು?

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ರೋಗಿಗೆ ಏನು ಗೊತ್ತು, ಸಂಶೋಧನೆಯ ವಿಷಯವನ್ನು ಅವನು ಹೇಗೆ ಆರಿಸಿಯಾನು ಎಂದು ಕೇಳುತ್ತಾರೆ. ಇದಕ್ಕೆ ನನ್ನ ಅನುಭವದ ಒಂದು ಸಂಗತಿ ಹೇಳಬೇಕು. ನಮ್ಮ ಬೀದಿಗೆ ಸೊಪ್ಪು ತರುವ ಹೆಂಗಸಿನ ಗಂಡ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಅವನಿಗೆ ಹರ್ನಿಯಾ. ಆಪರೇಷನ್ನಿಗೆ ಸೇರಿದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹಿಂದಿನ ಸಂಜೆ ಆಕೆ ಒಂದು ಕಾಗದ ಹಿಡಿದು ಬಂದು, “ಮೇಷ್ಟ್ರೇ, ಇದಕ್ಕೆ ಎಬ್ಬೆಟ್ಟು ಒತ್ತಿ ಅಂತಾರೆ, ಏನೈತೆ ನೋಡಿ” ಎಂದಳು. ಒಪ್ಪಿಗೆಯ ಪತ್ರ, ಪೂರ್ತಿ ಇಂಗ್ಲಿಷು. ಓದಿ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿ ಆಕೆ ಒಂದೇ ಮಾತು ಕೇಳಿದಳು: “ಅದೆಲ್ಲ ಇರ್ಲಿ ಸ್ವಾಮಿ, ಇವ್ರು ಮತ್ತೆ ಮೂಟೆ ಎತ್ತೋದು ಯಾವಾಗ?” ಆ ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಾರನೆಯ ದಿನ ಕೇಳಿದಾಗ, ಭಾರ ಎತ್ತಬಾರದು ಎಂದರಂತೆ. ಎಷ್ಟು ಭಾರ, ಎಷ್ಟು ದಿನ ಎಂಬುದನ್ನು ಹೇಳಲಿಲ್ಲವಂತೆ. ಮೇಜಿನ ಮುಂದೆ ಕೂರುವ ನಮ್ಮಂಥವರಿಗೆ ಆ ಸಲಹೆ ಸಾಕು. ಐವತ್ತು ಕಿಲೋ ಈರುಳ್ಳಿಯ ಮೂಟೆಯೇ ಅನ್ನವಾಗಿರುವವನಿಗೆ ಅದು ಸಲಹೆಯಲ್ಲ, ಶಿಕ್ಷೆ. ಹರ್ನಿಯಾ ಮರುಕಳಿಸಿತೆ ಎಂಬುದು ಡಾಕ್ಟರ ಪ್ರಶ್ನೆ. ಕೂಲಿ ಮರಳಿತೆ ಎಂಬುದು ರೋಗಿಯ ಪ್ರಶ್ನೆ. ಎರಡೂ ವಿಜ್ಞಾನದ ಪ್ರಶ್ನೆಗಳೇ. ಒಂದಕ್ಕೆ ಪದವಿ ಸಿಕ್ಕುತ್ತದೆ, ಇನ್ನೊಂದಕ್ಕೆ ಗಮನ ಕೂಡ ಸಿಕ್ಕುವುದಿಲ್ಲ.

ರೋಗಿಯನ್ನು ಕೇಳುವುದು ನನ್ನ ಕನಸಿನ ಮಾತಲ್ಲ. ಇಂಗ್ಲೆಂಡಿನಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಏರ್ಪಾಟಿದೆ. ಒಂದೊಂದು ರೋಗವನ್ನು ಕುರಿತು ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ಡಾಕ್ಟರು, ನರ್ಸುಗಳು ಒಂದೇ ಮೇಜಿನ ಸುತ್ತ ಕುಳಿತು, ಉತ್ತರವಿಲ್ಲದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಮೊದಲ ಹತ್ತನ್ನು ಆರಿಸಿ ಪ್ರಕಟಿಸುತ್ತಾರೆ. ಅಲ್ಲಿಯ ರೋಗಿಗೆ ಇರುವ ಬುದ್ಧಿ ನಮ್ಮ ಮಾಗಡಿಯ ರೈತನಿಗೆ ಇಲ್ಲವೆನ್ನುವವರು ಅದನ್ನು ರುಜುವಾತು ಮಾಡಲಿ.

ನಮ್ಮಲ್ಲಿ ಜನ ಕೇಳಿದ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ. ಅಲ್ಲಿಯ ತಾಂಡಾಗಳಲ್ಲಿ ಹರೆಯದ ಲಂಬಾಣಿ ಹೆಂಗಸರು ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದರೆ ಗರ್ಭಕೋಶವನ್ನೇ ತೆಗೆಸಿಕೊಂಡು ಬರುತ್ತಿದ್ದರು. ಇಷ್ಟೊಂದು ಹೆಂಗಸರಿಗೆ ಈ ಆಪರೇಷನ್ನು ಏಕೆ ಎಂಬ ಪ್ರಶ್ನೆಯನ್ನು ಎತ್ತಿ ಹಿಡಿದವರು ಆ ಹೆಂಗಸರು ಮತ್ತು ಆರೋಗ್ಯ ಚಳವಳಿಯ ಕಾರ್ಯಕರ್ತೆಯರು. ವಿಚಾರಣೆಗಳು ನಡೆದವು, 2017ರಲ್ಲಿ ನ್ಯಾಯ ಕೇಳಿ ಅವರು ಕಲಬುರಗಿಯಲ್ಲಿ ಬೀದಿಗಿಳಿದರು. ಹಲವು ರಾಜ್ಯಗಳ ಇಂಥ ದೂರುಗಳನ್ನು ಹಿಡಿದು ಹೋದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ನಿಯಮಗಳನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕೆಂದಿತು. ನೋಡಿ, ಬಡವರಿಗೆ ಶಸ್ತ್ರಚಿಕಿತ್ಸೆ ಸಿಕ್ಕದಿರುವುದು ಒಂದು ಅನ್ಯಾಯ. ಬೇಡದ ಶಸ್ತ್ರಚಿಕಿತ್ಸೆ ಸಿಕ್ಕುವುದು ಅದರ ಅವಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 14.3 ಸಿಸೇರಿಯನ್; ಖಾಸಗಿ ಆಸ್ಪತ್ರೆಗಳಲ್ಲಿ 47.4. ಒಂದೇ ದೇಶದ ತಾಯಂದಿರ ದೇಹರಚನೆ ಬಾಗಿಲಿನಿಂದ ಬಾಗಿಲಿಗೆ ಮೂರು ಪಟ್ಟು ಬದಲಾಗುವುದುಂಟೆ? ಬಸವನಗುಡಿಯ ಓದುಗರೂ ಇದನ್ನು ಬಡವರ ವಿಷಯವೆಂದು ಪುಟ ಮಗುಚುವಂತಿಲ್ಲ; ನಮ್ಮ ಸೊಸೆಯಂದಿರೂ ಮಗಳಂದಿರೂ ಈ ಲೆಕ್ಕದೊಳಗೇ ಇದ್ದಾರೆ.

ಹಾಗಾದರೆ ಮೊದಲು ಕೇಳಬೇಕಾದವು ಯಾವುವು? ಪಟ್ಟಿ ಮಾಡುವ ಅಧಿಕಾರ ನನ್ನದಲ್ಲ ಎಂಬುದೇ ನನ್ನ ವಾದ. ಆದರೂ ಕಣ್ಣಿಗೆ ಹೊಡೆಯುವ ಕೆಲವನ್ನು ಸೂಚಿಸಬಹುದು. ಮುರಿದ ಕಾಲು ಆಸ್ಪತ್ರೆಗೆ ಹೋಗದೆ ಪುತ್ತೂರು ಕಟ್ಟಿನ ಬಾಗಿಲಿಗೆ ಏಕೆ ಹೋಗುತ್ತದೆ? ಬೆಂಗಳೂರಿನ ಬೀದಿಬೀದಿಯಲ್ಲಿ ಆ ಫಲಕಗಳಿವೆ. ಮೂಢನಂಬಿಕೆ ಎಂದು ಬೈದರೆ ನಮ್ಮ ಕೋಪ ತೀರೀತು, ಕಾರಣ ತಿಳಿಯದು. ಅಲ್ಲಿ ಖರ್ಚು ಕಡಿಮೆಯೋ, ಕಾಯುವುದು ಕಡಿಮೆಯೋ, ಅಥವಾ ಮುಖ ನೋಡಿ ಮಾತಾಡುತ್ತಾರೆಂಬ ಸಮಾಧಾನವೋ? ಯಾವ ಮುರಿತಕ್ಕೆ ಆ ಕಟ್ಟು ಸಾಕು, ಯಾವುದಕ್ಕೆ ಕಾಲನ್ನೇ ಕಳೆಯುತ್ತದೆ? ಇನ್ನೊಂದು, ರಕ್ತದ ಪ್ರಶ್ನೆ. 1996ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ರಕ್ತನಿಧಿಗಳ ನಿಯಮ ಬಿಗಿಯಾಯಿತು. ದುಡ್ಡಿಗೆ ರಕ್ತ ಮಾರುವುದು ನಿಂತಿತು. ಒಳ್ಳೆಯದೇ ಆಯಿತು. ಆದರೆ ರಕ್ತನಿಧಿಯಿಲ್ಲದ ಊರಿನಲ್ಲಿ, ನೆಂಟರ ರಕ್ತವನ್ನು ಪರೀಕ್ಷಿಸಿ ಆ ಕ್ಷಣವೇ ಕೊಟ್ಟು ಬಾಣಂತಿಯನ್ನು ಉಳಿಸುತ್ತಿದ್ದ ಡಾಕ್ಟರು ಕಾನೂನಿನ ಕಣ್ಣಿಗೆ ಅಪರಾಧಿಯಾದರು. ಗ್ರಾಮೀಣ ಶಸ್ತ್ರವೈದ್ಯರು ಇದನ್ನು ವರ್ಷಗಟ್ಟಲೆ ಹೇಳಿಕೊಂಡರು. ಮುಂದೆ ಸಣ್ಣ ರಕ್ತಸಂಗ್ರಹ ಘಟಕಗಳಿಗೆ ಅವಕಾಶವಾಯಿತು. ರಾತ್ರಿ ಎರಡು ಗಂಟೆಗೆ ತಾಲ್ಲೂಕಿನಲ್ಲಿ ರಕ್ತ ನಿಜವಾಗಿ ಸಿಕ್ಕುತ್ತದೆಯೆ ಎಂಬುದನ್ನು ಊರೂರಿಗೆ ಹೋಗಿ ನೋಡಬೇಕಾದದ್ದು ಸಂಶೋಧನೆಯಲ್ಲವೆ?

ಇಂಥ ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದಿಲ್ಲವೆನ್ನಬೇಡಿ. ತಿಂಗಳಿಗೆ ಐದು ರೂಪಾಯಿ ಕಟ್ಟಿದರೆ ಸಹಕಾರ ಸಂಘದ ರೈತನಿಗೆ ಆಪರೇಷನ್ನು ಎಂಬ ಯಶಸ್ವಿನಿ ಯೋಜನೆ 2003ರಲ್ಲಿ ನಡೆಯತೊಡಗಿದ್ದು ನಮ್ಮ ರಾಜ್ಯದಲ್ಲಿಯೇ. ಮುಂದೆ ಬಡತನದ ರೇಖೆಯ ಕೆಳಗಿನವರ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂತು. ಯೋಜನೆ ಬಂದ ಹಳ್ಳಿಗಳನ್ನೂ, ಗಡಿಯ ಈಚೆಗೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿ, ಬೆಂಗಳೂರಿನ ಐಐಎಂನವರೂ ಸೇರಿದ್ದ ತಂಡವೊಂದು ಮನೆಮನೆ ವಿಚಾರಿಸಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವು ಇಲ್ಲಿ ನೂರಕ್ಕೆ 0.90, ಅಲ್ಲಿ 0.32 ಎಂದು 2014ರಲ್ಲಿ ಪ್ರಕಟಿಸಿತು. ಗಡಿಯ ಗೆರೆಯೊಂದು ಬದುಕು ಸಾವುಗಳ ನಡುವಣ ಗೆರೆಯಾಗಿತ್ತು. ಇದು ಹೊಸ ಕತ್ತರಿಯ ಸಂಶೋಧನೆಯಲ್ಲ. ಇರುವ ಕತ್ತರಿ ಯಾರನ್ನು ಮುಟ್ಟಿತು ಎಂಬುದರ ಸಂಶೋಧನೆ. ನಮಗೆ ಹೆಚ್ಚಾಗಿ ಬೇಕಾದದ್ದು ಇದೇ ಜಾತಿಯದು.

ಮಾಡತಕ್ಕದ್ದೇನೂ ದೊಡ್ಡ ಸಾಹಸವಲ್ಲ. ಜಯನಗರದಲ್ಲಿ 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಪದವಿಗೆ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಲೇಬೇಕು. ಕರ್ನಾಟಕದ ಕಾಲೇಜುಗಳಿಂದ ವರ್ಷವರ್ಷವೂ ಬರುವ ಈ ಪ್ರಬಂಧಗಳ ರಾಶಿ ನಮ್ಮ ಕೈಯಲ್ಲೇ ಇರುವ ಐಶ್ವರ್ಯ. ಮೂರು ವರ್ಷದೊಳಗೆ ಸುಲಭವಾಗಿ ಮುಗಿಯುವ, ಹತ್ತು ಜನ ಹಿಂದೆಯೇ ಬರೆದಿರುವ ವಿಷಯವನ್ನು ಮತ್ತೆ ಆರಿಸಿಕೊಂಡರೆ ಹುಡುಗನ ತಪ್ಪೇನೂ ಇಲ್ಲ. ಬೇರೆ ಪ್ರಶ್ನೆಯನ್ನು ಅವನ ಕೈಗೆ ಕೊಟ್ಟವರು ಯಾರು? ಆದ್ದರಿಂದ ವಿಶ್ವವಿದ್ಯಾಲಯ ಎರಡು ವರ್ಷಕ್ಕೊಮ್ಮೆ ಒಂದು ಸಭೆ ಕರೆಯಲಿ. ತಾಲ್ಲೂಕು ಆಸ್ಪತ್ರೆಯ ಶಸ್ತ್ರವೈದ್ಯರು, ಅರಿವಳಿಕೆ ಕೊಡುವವರು, ನರ್ಸುಗಳು, ಆಶಾ ಕಾರ್ಯಕರ್ತೆಯರು, ಆಪರೇಷನ್ನಾದ ರೋಗಿಗಳು, ಅವರ ಮನೆಯವರು ಬರಲಿ. ಬಂದ ದಿನದ ಕೂಲಿಯನ್ನು ರೋಗಿಗೆ ಕೊಡಲಿ. ಕಲಾಪ ಕನ್ನಡದಲ್ಲಿ ನಡೆಯಲಿ. ಬೇರೆ ಭಾಷೆಯವರಿಗೆ ದುಭಾಷಿಗಳಿರಲಿ. ಹತ್ತು ಪ್ರಶ್ನೆಗಳ ಪಟ್ಟಿಯಾಗಿ ಪತ್ರಿಕೆಗಳಲ್ಲಿ ಪ್ರಕಟವಾಗಲಿ. ಪ್ರಬಂಧಗಳಲ್ಲಿ ಒಂದು ಪಾಲಾದರೂ ಆ ಹತ್ತರ ಮೇಲೆ ನಡೆಯಲಿ. ಒಂದೇ ಪ್ರಶ್ನೆಯನ್ನು ಇಪ್ಪತ್ತು ಕಾಲೇಜುಗಳ ವಿದ್ಯಾರ್ಥಿಗಳು ಒಟ್ಟಿಗೆ ಹಿಡಿದರೆ ಸಣ್ಣ ಸಣ್ಣ ಲೆಕ್ಕಗಳು ಕೂಡಿ ಒಂದು ದೊಡ್ಡ ಉತ್ತರವಾದೀತು. ಪ್ರತಿ ಪ್ರಬಂಧದ ಹಿಂದೆ ಎರಡು ಪುಟದ ಕನ್ನಡ ಸಾರಾಂಶವಿರಲಿ. ಅದನ್ನು ಆ ರೋಗಿಗಳಿದ್ದ ಆಸ್ಪತ್ರೆಗೇ ಕಳುಹಿಸಲಿ.

ಕನ್ನಡದಲ್ಲಿ ವಿಜ್ಞಾನದ ಸೂಕ್ಷ್ಮ ಬಾರದು ಎಂಬ ಹಳೆಯ ರಾಗ ಇಲ್ಲಿಯೂ ಕೇಳಿಬರುತ್ತದೆ. ಸೂಕ್ಷ್ಮ ಬೇಕಾದದ್ದು ಉತ್ತರ ಹುಡುಕುವಾಗ. ಅದಕ್ಕೆ ಯಾವ ಭಾಷೆಯಾದರೂ ಇರಲಿ. ‘ಮತ್ತೆ ಮೂಟೆ ಎತ್ತುವುದು ಯಾವಾಗ’ ಎಂಬ ಪ್ರಶ್ನೆಗೆ ಯಾವ ಪರಿಭಾಷೆಯ ಕೊರತೆಯಿದೆ? ಪ್ರಶ್ನೆ ಸ್ಪಷ್ಟವಾಗಿಯೇ ಇದೆ. ಬರೆದುಕೊಳ್ಳುವವರಿಲ್ಲ, ಅಷ್ಟೆ. ವಿಶ್ವವಿದ್ಯಾಲಯದವರು ಆ ಸಭೆಯನ್ನು ಕರೆಯುವ ಮನಸ್ಸು ಮಾಡಿದರೆ, ವಿಕ್ಟೋರಿಯಾದ, ಕೆ. ಸಿ. ಜನರಲ್ ಆಸ್ಪತ್ರೆಯ ಬೆಂಚುಗಳ ಬಳಿ ಕುಳಿತು ರೋಗಿಗಳ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲು, ಕೈಬರಹ ಚೆನ್ನಾಗಿರುವ ವಿದ್ಯಾರ್ಥಿಗಳನ್ನು ನಮ್ಮ ಕನ್ನಡ ತರಗತಿಯಿಂದ ಕಳುಹಿಸಿಕೊಡಲು ನಾನು ಸಿದ್ಧನಿದ್ದೇನೆ.